ಶನಿಯನ್ನು ಹುಡುಕುವ ಹೊತ್ತು

ವಡಾಲ, ಸೋಮವಾರ

ಪ್ರೀತಿಯ ಪ್ರಶಾಂತನಿಗೆ ಅಣ್ಣು ಮಾವನ ಆಶೀರ್ವಾದ.

ಬರುವ ವಾರ ನೀನು ನಮ್ಮ ಟೆರೇಸಿಗೆ ತರುವ ಹೊಸ ಟೆಲಿಸ್ಕೋಪಿನ ಸುದ್ದಿಯನ್ನು ಮೊದಲು ಹೇಳಿದವಳು ನಿನ್ನ ಅತ್ತೆ ರಾಜೀವಿ, ಮೊನ್ನೆ ಬಂಗುಡೆ ಹುರಿಯುತ್ತ. "ಅದರ ಕಂಪ್ಯೂಟರು ತಾನೇ ಶನಿಯನ್ನು ಹುಡುಕ್ತದಂತೆ. ಇನ್ನು ನಿಮ್ಮ ಬಾಯಿಗೆ ರಜೆ ಮಾರಾಯ್ರೆ!" ಎಂದು ನಕ್ಕಳು.

ನನ್ನ ಹಳೆಯ ಟೆಲಿಸ್ಕೋಪನ್ನು ಕೈಯಲ್ಲಿ ತಿರುಗಿಸಿ ಶನಿಯನ್ನು ಹುಡುಕುವಷ್ಟು ಹೊತ್ತು ಬಿಲ್ಡಿಂಗಿನವರು ನನ್ನ ಕಥೆ ಕೇಳುತ್ತಾರೆ. ನಿನ್ನದು ಬಂದರೆ ಆ ಹೊತ್ತೇ ಉಳಿಯುವುದಿಲ್ಲ. ಅದು ಸ್ವಲ್ಪ ನಿಧಾನವಾಗಿ ಹುಡುಕುವಂತೆ ಮಾಡಲು ಬರುತ್ತದೆಯೇ, ಅಂಗಡಿಯವರನ್ನು ಕೇಳು.

ನಿನ್ನೆ ಸಂಜೆ ಮೋಡವಿತ್ತು. ಬರೀ ಕಥೆ ಹೇಳಿದೆ. ಎಲ್ಲರೂ ಕೊನೆಯವರೆಗೂ ಕುಳಿತಿದ್ದರು. ಇವತ್ತು ಬೆಳಿಗ್ಗೆ ಅವರೇ ಟೆರೇಸು ಗುಡಿಸಿ, ನನ್ನ ಟೆಲಿಸ್ಕೋಪನ್ನು ನೀರಿನ ಟ್ಯಾಂಕಿನ ಹಿಂದೆ ಇಟ್ಟು, ನಿನ್ನದಕ್ಕೆ ಜಾಗ ಮಾಡಿದರು.

ಇಂತಿ,
ಅಣ್ಣು ಮಾವ