ಉಗುರಿನ ಸದ್ದು

ಅವ್ವಾ,

ನಾಳೆ ಮಧ್ಯಾಹ್ನ ನಾನು ಕಾರು ನಡೆಸಬೇಕು. ನಗಬೇಡ. ಚಿಕ್ಕೋಡಿಯ ನಮ್ಮ ಕಾಲೇಜಿನಲ್ಲಿ ಎಂಟು ಜನ ಸೇರಿ ಬಿಸಿಲಿನಿಂದ ಓಡುವ ಕಾರು ಕಟ್ಟಿದ್ದೇವೆ. ಎಲ್ಲರಿಗಿಂತ ಹಗುರ ಇದ್ದವರೇ ಒಳಗೆ ಕೂರಬೇಕಂತೆ. "ಕಡ್ಡಿ ಆಗೀದಿ, ಇನ್ನೊಂದ ರೊಟ್ಟಿ ತಿನ್ನು" ಎಂದು ನೀನು ಬೈಯುತ್ತಿದ್ದೆಯಲ್ಲ, ಅದೇ ಕಾರಣಕ್ಕೆ ನನ್ನ ಹೆಸರು ಬಂತು. ಆಗ ಹೆಮ್ಮೆಯಾಗಿತ್ತು. ಈಗ ಹೆದರಿಕೆಯಾಗುತ್ತಿದೆ.

ಬೇಡಕಿಹಾಳದ ಮನೆಯ ಕಟ್ಟೆಯ ಮೇಲೆ ಕೂತು ನೀನು ಹಳೆಯ ಬುಟ್ಟಿಗಳಿಗೆ ಕಾಗದ ಹಚ್ಚುತ್ತಿದ್ದುದು ನೆನಪಿದೆಯಾ? ನೆನೆಸಿದ ಕಾಗದಕ್ಕೆ ಮೆಂತೆ ಹಾಕಿ ರುಬ್ಬಿ, ಪದರದ ಮೇಲೆ ಪದರ. ಕಾರಿನ ಮೈ ಮಾಡಿದ್ದೂ ಹಾಗೆಯೇ. ಕಾಗದದ ಬದಲು ಗಾಜಿನ ಎಳೆಯ ಬಟ್ಟೆ, ಮೆಂತೆಯ ಬದಲು ಮೂಗು ಉರಿಸುವ ರೆಸಿನ್ ಎಂಬ ಅಂಟು. ಈ ಕೆಲಸ ನನಗೆ ಮೊದಲೇ ಗೊತ್ತಿತ್ತು ಅಂತ ಯಾರಿಗೂ ಹೇಳಲಿಲ್ಲ. ನಾಚಿಕೆಯಾಯಿತು.

ಬುಟ್ಟಿ ಒಣಗಿದ ಮೇಲೆ ನೀನು ಉಗುರಿನಿಂದ ಬಡಿದು ನೋಡುತ್ತಿದ್ದೆ. ಟಣ್ ಅಂದರೆ ಸರಿ. ಬದ್ ಅಂದರೆ, "ಒಳಗ ಗಾಳಿ ಉಳದೈತಿ. ಸುಲದು ತಿರಗಿ ಹಚ್ಚಬೇಕ" ಅನ್ನುತ್ತಿದ್ದೆ. ನಿನ್ನೆ, ಬಣ್ಣ ಬಳಿದು ಮಿರಿಮಿರಿ ಮಿಂಚುತ್ತಿದ್ದ ಕಾರನ್ನು ನಾನೂ ಸುಮ್ಮನೆ ಬಡಿಯುತ್ತ ಹೋದೆ. ಟಣ್, ಟಣ್... ನನ್ನ ಮೊಣಕಾಲು ಬರುವ ಜಾಗದಲ್ಲಿ ಬದ್. ಅಂಗೈ ಅಗಲದಷ್ಟು. ನಮ್ಮ ರಸ್ತೆಯ ಗುಂಡಿಗಳು ನಿನಗೆ ಗೊತ್ತಲ್ಲ. ಒಂದಕ್ಕೆ ಬಿದ್ದರೆ ಅಲ್ಲಿಂದಲೇ ಸೀಳುತ್ತದೆ. ಆ ಪದರ ಹಚ್ಚಿದವಳೂ ನಾನೇ. ಬೇರೆ ಯಾರೂ ಕೇಳಿಸಿಕೊಂಡಿರಲಿಲ್ಲ.

ನಿಪ್ಪಾಣಿಯ ಡಾಕ್ಟರು ನಿನ್ನ ಬೆನ್ನ ಮೇಲೆ ಬೆರಳಿಟ್ಟು ಬಡಿದ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಎಡಗಡೆ ಬದ್ ಅಂತು. ನೀನು ತಟ್ಟನೆ ನನ್ನ ಮುಖ ನೋಡಿದೆ. ತಂಬಾಕಿನ ಗೋದಾಮಿನಲ್ಲಿ ದುಡಿದು ಬಂದ ಕೆಮ್ಮು ಅಂದುಕೊಂಡಿದ್ದೆವು. ದೊಡ್ಡ ಆಸ್ಪತ್ರೆಗೆ ಬೇಗ ಹೋಗಿ ಅಂದರು ಅವರು. ಹೊರಗೆ ಬಂದು ನೀನು, "ಅಪ್ಪಗ ಹೇಳಬ್ಯಾಡ. ಮೊದಲ ನಿನ್ನ ಪರೀಕ್ಷಾ ಮುಗೀಲಿ" ಅಂದೆ. ನಾನು ಹೇಳಲಿಲ್ಲ. ಪರೀಕ್ಷೆ ಮುಗಿಯುವಷ್ಟರಲ್ಲಿ... ಅಂದೇ ಬಾಯಿ ಬಿಟ್ಟಿದ್ದರೆ ನೀನು ಉಳಿಯುತ್ತಿದ್ದೆಯಾ, ಅವ್ವಾ?

ಇವತ್ತು ಬೆಳಿಗ್ಗೆ ಕಾರಿನ ವಿಷಯ ಹೇಳಿಬಿಟ್ಟೆ. ತಂಡದ ಮುಂದಾಳು ಅಪ್ಪಾಸಾಹೇಬ ರೇಗಿದ. "ಬಣ್ಣಾ ಹಚ್ಚಿದ ಮ್ಯಾಲ ಹೇಳ್ತಿ ಅಲ್ಲ! ಬಡದ್ರ ಗೊತ್ತಾಕ್ಕೈತಿ ಅಂತ ಯಾರ ಹೇಳ್ಯಾರ ನಿನಗ?"

"ನಮ್ಮವ್ವ" ಅಂದೆ.

ಅವನೂ ಬಡಿದು ನೋಡಿದ. ಹೋಗಿ ಗರಗಸ ತಂದ. ಕೊಯ್ದು ನೋಡಿದರೆ ಒಳಗಿನ ಬಟ್ಟೆ ಬೆಳ್ಳಗೆ, ಒಣಗಿದ್ದು ಒಣಗಿದಂತೆಯೇ ಇತ್ತು. ಅಂಟು ಅದನ್ನು ಮುಟ್ಟಿಯೇ ಇರಲಿಲ್ಲ.

ಹೊಸ ಪದರ ಹಚ್ಚಿ ಬಿಸಿಲಿಗೆ ಬಿಟ್ಟಿದ್ದೇವೆ. ಅದರ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಸಂಜೆ ಬಡಿದು ನೋಡಬೇಕು. ಬದ್ ಅಂದರೆ ಮತ್ತೆ ಹೇಳುತ್ತೇನೆ, ಎಲ್ಲರೂ ಸೇರಿ ಬೈದರೂ ಸರಿ. ಟಣ್ ಅಂದರೆ ನಾಳೆ ಕಾರು ನಡೆಸಿ, ಇಳಿದವಳೇ ಬೇಡಕಿಹಾಳದ ಬಸ್ಸು ಹತ್ತಿ ಅಪ್ಪನ ಹತ್ತಿರ ಹೋಗುತ್ತೇನೆ. ಎಸ್‌ಟಿಡಿ ಬೂತಿನಲ್ಲಿ ನಿಂತು ಹೇಳುವ ಮಾತಲ್ಲ ಅದು.

ಕಾರಿಗಿಂತ ಅದಕ್ಕೇ ನನಗೆ ಹೆಚ್ಚು ಹೆದರಿಕೆ. ಡಾಕ್ಟರು ಅವತ್ತು ಏನು ಹೇಳಿದರು ಅಂತ ಅಪ್ಪನಿಗೆ ಇನ್ನೂ ಗೊತ್ತಿಲ್ಲ, ಅವ್ವಾ.

ನಿನ್ನ ಕಡ್ಡಿ