ಎರಡು ಬೆರಳು ಬಟ್ಟೆ

ಅಪ್ಪಾ,

ಕೋಪದಲ್ಲಿ ಬರೆಯುತ್ತಿದ್ದೇನೆ. ಮೇಲೆ ಹೋಗಿರುವ ನೀನು ಓದುವುದಿಲ್ಲವಲ್ಲ, ಧೈರ್ಯವಾಗಿ ಬೈಯಬಹುದು.

ವ್ಯಾಪಾರ ಬೆಳೆಸುವುದನ್ನು ಕಲಿಸುವ ತರಗತಿಗೆ ಸೇರಿದ್ದೇನೆ. ಅಲ್ಲಿನ ಮೇಷ್ಟ್ರು ಒಂದು ಹಾಳೆ ಕೊಟ್ಟು, "ನಿಮ್ಮ ಅಂಗಡಿ ಯಾಕಿರಬೇಕು? ಒಂದೇ ಸಾಲಲ್ಲಿ ಬರ್ಕೊಂಡು ಬನ್ನಿ" ಎಂದರು. ಮೂರು ದಿನ ತಲೆ ಕೆರೆದುಕೊಂಡು, ಇವತ್ತು ಬೆಳಿಗ್ಗೆ 'ಬೇಗ ಹೊಲಿದು, ಕಡಿಮೆ ಬೆಲೆಗೆ ಕೊಡುವುದಕ್ಕೆ' ಎಂದು ಬರೆದೆ. ಅಷ್ಟರಲ್ಲಿ ನಿನ್ನ ಹಳೆಯ ಗಿರಾಕಿ ಲಾಯರು ಎರಡು ಕರಿ ಕೋಟು ತಂದು ಮೇಜಿನ ಮೇಲೆ ಹಾಕಿದರು. ಒಂದು, ಇಪ್ಪತ್ತು ವರ್ಷದ ಹಿಂದೆ ನೀನು ಹೊಲಿದದ್ದು. ಇನ್ನೊಂದು ಅವರ ಮಗನಿಗೆ ಹೋದ ವರ್ಷ ನಾನು ಹೊಲಿದದ್ದು.

"ಅಪ್ಪ ಮಗ ಇಬ್ರಿಗೂ ಹೊಟ್ಟೆ ಬಂದಿದೆಯಮ್ಮ, ಸ್ವಲ್ಪ ಸಡಿಲ ಮಾಡ್ಕೊಡು."

ನಿನ್ನ ಹೊಲಿಗೆ ಬಿಚ್ಚಿದರೆ ಒಳಗೆ ಎರಡು ಬೆರಳು ಬಟ್ಟೆ ಮಡಚಿ ಕೂತಿತ್ತು. ನನ್ನದರಲ್ಲಿ ದಾರದಷ್ಟೂ ಇರಲಿಲ್ಲ.

"ಇದು ಆಗಲ್ಲ ಸಾರ್" ಎಂದೆ.

"ಯಾಕಮ್ಮ? ಇದೂ ಇದೇ ಅಂಗಡೀದು ತಾನೇ?"

ಅವತ್ತು 'ಒಳಗೆ ಬಚ್ಚಿಟ್ಟ ಬಟ್ಟೆ ಯಾರ ಹೊಟ್ಟೆ ತುಂಬಿಸುತ್ತೆ?' ಎಂದು ಕೆಲಸದವರೆಲ್ಲರ ಎದುರು ನಿನ್ನ ಕೈಯಿಂದ ಕತ್ತರಿ ಕಿತ್ತುಕೊಂಡವಳು ನಾನೇ. ತಿರುಗಿ ಬೈದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? 'ಮೈ ಬೆಳೆಯುತ್ತೆ ಕಣಮ್ಮ' ಎಂದಿದ್ದರೂ ಸಾಕಿತ್ತು. ನೀನು ಕನ್ನಡಕ ಜೇಬಿಗಿಟ್ಟು ಹೊರಟೆ, ಮತ್ತೆ ಅಂಗಡಿಗೆ ಬರಲೇ ಇಲ್ಲ.

ಬರೆದ ಸಾಲು ಹೊಡೆದುಹಾಕಿದ್ದೇನೆ. ಬೇರೆ ಸಾಲು ತೋಚಿಲ್ಲ. ಮಗನಿಗೆ ಹೊಸ ಕೋಟೇ ಹೊಲಿದುಕೊಡುತ್ತೇನೆಂದು ಒಪ್ಪಿಕೊಂಡು, ಬಟ್ಟೆ ಹಾಸಿ ಸೀಮೆಸುಣ್ಣ ಹಿಡಿದು ನಿಂತಿದ್ದೇನೆ.

ಎರಡು ಬೆರಳು ಅಂದರೆ ಯಾರ ಬೆರಳಪ್ಪಾ? ನಿನ್ನವು ದಪ್ಪ, ನನ್ನವು ಸಣ್ಣ.