ಶೂ ರ್ಯಾಕಿನ ಮೇಲಿನ ಅಂಚೆಕಚೇರಿ

ಜಾಯಿ, ತೈವಾನ್
ಜನವರಿ 22, ಸೋಮವಾರ

ಮುದ್ದಿನ ಆ-ಚಿನ್,

ಹೇಗಿದ್ದೀಯಮ್ಮ? ಕೆಮ್ಮು ಬಿಟ್ಟಿತೇ? ತೈತುಂಗಿನ ಕಡಲಗಾಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು. ಸ್ಕೂಟರ್ ನಿಧಾನ ಓಡಿಸಲಿ ಅಂತ ಅಳಿಯಂದಿರಿಗೆ ಹೇಳು. ನನ್ನ ಮಂಡಿ ಹಾಗೇ ಇದೆ. ಅಮ್ಮ ಇದೇನು ಕಾಗದ ಬರೆದಿದ್ದಾಳೆ ಅಂತ ಹುಬ್ಬೇರಿಸಬೇಡ. ಈಚೆಗೆ ಫೋನಿನಲ್ಲಿ ಅಪ್ಪನ ಮಾತೆತ್ತಿದರೆ ನೀನು ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೆ ಓದುತ್ತೀಯ.

ಮೂವತ್ತನಾಲ್ಕು ವರ್ಷ ಟೆಲಿಫೋನ್ ಕಂಬ ಹತ್ತಿದ ಮನುಷ್ಯ ನಿವೃತ್ತಿಯಾದ ಮೇಲೂ ತಂತಿ ಬಿಟ್ಟಿಲ್ಲ. ಶೂ ರ್ಯಾಕಿನ ಮೇಲಿನ ಆ ಹಳೇ ಕಂಪ್ಯೂಟರೇ ಇವತ್ತಿಗೂ ನಮ್ಮನೆಯ ಇಮೇಲಿನ ಅಂಚೆಕಚೇರಿ. ಕಳೆದ ಅಕ್ಟೋಬರಿನಲ್ಲಿ ಇಂಟರ್ನೆಟ್ ಕಂಪನಿಯವರು ಮನೆ ಲೈನಿನಿಂದ ಇಮೇಲ್ ಹೊರಗೆ ಹೋಗುವ ದಾರಿಯನ್ನೇ ಮುಚ್ಚಿಬಿಟ್ಟರು. ಇವರು ಹೋಗಿ ಜಗಳ ಕಾದರು, ನಾನೂ ಜೊತೆಗಿದ್ದೆ. ಕೌಂಟರಿನ ಹುಡುಗಿ, "ತಾತ, ಎಲ್ಲರ ಹಾಗೆ ಪುಕ್ಕಟೆ ಮೇಲ್ ಇಟ್ಕೊಳ್ಳಿ, ಯಾಕೆ ಈ ತಲೆನೋವು?" ಅಂದಳು. ಇವರು, "ಪಕ್ಕದ ಮನೇಲಿ ಎಷ್ಟೇ ಚೆನ್ನಾಗಿ ಊಟ ಹಾಕಿದ್ರೂ ಮಲಗೋಕೆ ನಮ್ಮನೇಗೇ ಬರ್ತೀವಲ್ಲಮ್ಮ? ನಮ್ಮ ಕಾಗದಾನೂ ಹಾಗೇ," ಅಂದರು. ಹನ್ನೊಂದು ದಿನ ನೆಲದ ಮೇಲೆ ಕೂತು, ದಪ್ಪ ಪುಸ್ತಕ ಓದಿ, ಕೊನೆಗೆ ತೈಪೆಯಲ್ಲಿ ಬಾಡಿಗೆಗೆ ಒಂದು ಪುಟ್ಟ ಮಷೀನು ಹಿಡಿದರು. ನಮ್ಮ ಕಾಗದಗಳು ಮೊದಲು ಅದರ ಕೈಗೆ ಹೋಗಿ, ಅಲ್ಲಿಂದ ಮುಂದೆ ಹೋಗುತ್ತವಂತೆ. "ಹೋಯ್ತು ಕಣೇ, ಹೋಯ್ತು!" ಅಂತ ಚಪ್ಪಲಿಯಿಲ್ಲದೆ ಅಂಗಳಕ್ಕೆ ಓಡಿಬಂದರು. ಎಪ್ಪತ್ತೊಂದನೇ ವಯಸ್ಸಿಗೆ! ಬೈಯುತ್ತಲೇ ನನಗೆ ಹೆಮ್ಮೆಯಾಯಿತು. ಹಟಕ್ಕೆ ಬಿದ್ದರೆ ಅವರನ್ನು ಮೀರಿಸುವವರಿಲ್ಲ, ನಿನ್ನೊಬ್ಬಳನ್ನು ಬಿಟ್ಟು. ಅವರು ಮದುವೆಗೆ ಬರಲಿಲ್ಲವೆಂದು ಮುನಿದು ನೀನು ದೊಡ್ಡ ಕಂಪನಿಯ ಪುಕ್ಕಟೆ ಇಮೇಲಿಗೆ ಹೋಗಿ ಮೂರು ವರ್ಷವಾಯಿತು. ಇಲ್ಲಿ ನಿನ್ನ ಹೆಸರಿನ ಪೆಟ್ಟಿಗೆಯನ್ನು ಅವರು ಇನ್ನೂ ಮುಚ್ಚಿಲ್ಲ.

ಶೂ ರ್ಯಾಕಿನ ಕಂಪ್ಯೂಟರಿನ ತಲೆಯ ಮೇಲೆ 'ಹೇಳಿದ ಮಾತು ಕೇಳು' ಎಂಬ ಹೆಸರಿನ ಹಸಿರು ತಿಂಡಿ ಪೊಟ್ಟಣ ಇರಲೇಬೇಕು, ಅದರ ತಾರೀಖು ಮೀರಿರಬಾರದು, ಹಸಿರಿದ್ದರೆ ಮಷೀನು ಮಾತು ಕೇಳುತ್ತದೆ, ಹಳದಿಯಿಟ್ಟರೆ ಕೆಡುತ್ತದೆ ಅನ್ನುವುದು ಅವರ ನಂಬಿಕೆ, ನಿನಗೆ ಗೊತ್ತಲ್ಲ. ಡಿಸೆಂಬರಿನಲ್ಲಿ ಅಂಗಡಿಯಲ್ಲಿ ಹಸಿರು ಮುಗಿದಿತ್ತು. ಬಣ್ಣದಲ್ಲೇನಿದೆ ಅಂತ ಹಳದಿ ತಂದಿಟ್ಟೆ. ಮಾರನೇ ವಾರ, 22ನೇ ತಾರೀಖು, ಚಳಿಗಾಲದ ಹಬ್ಬ. ಅಂದೇ ನೀನು ಅವರಿಗೆ ಬರೆದೆಯಲ್ಲ, ಫೆಬ್ರವರಿಯಲ್ಲಿ ಬರುವ ನಮ್ಮ ಹೊಸ ವರ್ಷದ ಎರಡನೇ ದಿನ ಎಲ್ಲ ಹೆಣ್ಣುಮಕ್ಕಳ ಹಾಗೆ ಗಂಡನ ಜೊತೆ ತವರಿಗೆ ಬರಲೇ, ಒಂದು ಸಾಲು ಬರೆದರೆ ಸಾಕು ಅಂತ. ಅಪ್ಪ ಉತ್ತರವನ್ನೇ ಕೊಡಲಿಲ್ಲ ಅಂತ ನೀನು ಫೋನಿನಲ್ಲಿ ಅತ್ತಾಗ ನನಗೆ ಇವರ ಮೇಲೆ ಕೆಂಡದಂಥ ಕೋಪ ಬಂತು. ಇವರೋ, ಹಳದಿ ಪೊಟ್ಟಣ ನೋಡಿದ ದಿನದಿಂದ ನನ್ನ ಮೇಲೆ ಮುಖ ಊದಿಸಿಕೊಂಡಿದ್ದಾರೆ. "ಎಲ್ಲಾ ನಿನ್ನಿಂದ್ಲೇ!" ಅನ್ನುತ್ತಾರೆ. ಏನು ಎಲ್ಲಾ ಅಂದರೆ ಆ ಪೊಟ್ಟಣದ ಕಡೆ ಬೆರಳು ತೋರಿಸುತ್ತಾರೆ.

ಮೊನ್ನೆ ಶುಂಠಿ ತರಲಿಲ್ಲವೆಂದು ರೇಗಿದರು. "ಮೇಲ್ ಹಾಕಿದ್ದೆನಲ್ಲೇ!" ಒಂದೇ ಮನೆಯಲ್ಲಿ ಶುಂಠಿಗೂ ಮೇಲು! ನನಗೇನೂ ಬಂದಿಲ್ಲವೆಂದೆ, ಅರವತ್ತಕ್ಕೆ ಅರಳುಮರಳು ಅಂದರು. ಇರಲಿ. ಹಾಗಲಕಾಯಿ ಉಪ್ಪಿನಕಾಯಿ ಕಳಿಸಿದ್ದೇನೆ, ಸೀಸೆ ವಾಪಸು ತಾ.

ಇಬ್ಬರೂ ತಣ್ಣಗಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ.

ನಿನ್ನ ಅಮ್ಮ,
ಶೂ-ಮೇ

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಶುಂಠಿಯ ಮೇಲ್ ಸಿಕ್ಕಿತು, ನನ್ನ ಫೋನಿನ ಜೊತೆ ಬಂದ ದೊಡ್ಡ ಕಂಪನಿಯ ಇಮೇಲಿನ ಕಸದ ಬುಟ್ಟಿಯಲ್ಲಿ, ಲಾಟರಿ ಹೊಡೆದಿದೆ ಎನ್ನುವ ಸುಳ್ಳು ಕಾಗದಗಳ ನಡುವೆ. ನಮ್ಮ ಬಾಡಿಗೆ ಮಷೀನನ್ನು ದೊಡ್ಡ ಕಂಪನಿಯವರು ನಂಬದೆ, ಅದು ಕಳಿಸಿದ್ದನ್ನೆಲ್ಲ ಕಸಕ್ಕೆ ಹಾಕುತ್ತಾರಂತೆ. ಕೂಡಲೇ ಇವರ ಕಂಪ್ಯೂಟರ್ ತೆರೆದು ನೋಡಿದೆ. ನಿನಗೆ ಐದು ಕಾಗದ ಹೋಗಿವೆ. ನಿನ್ನ ಬುಟ್ಟಿ ನೋಡೇ! ಮೂವತ್ತು ದಿನಕ್ಕೆ ತಾನಾಗಿ ಅಳಿಸಿಹೋಗುತ್ತದಂತೆ. ಹಬ್ಬದ ದಿನವೇ ಬರೆದ ಮೊದಲನೆಯದು ಹೋಗಿಯೇ ಬಿಟ್ಟಿರುತ್ತದೆ, ಅದನ್ನು ಇಲ್ಲಿ ನಕಲು ಮಾಡಿದ್ದೇನೆ: "ಬಾ. ಮದುವೆಗೆ ಬರದಿದ್ದುದು ನನ್ನ ತಪ್ಪು. ಅಳಿಯನಿಗೆ ಮೀನಿನ ತಲೆ ಇಷ್ಟವೋ, ಬಾಲವೋ?" ಉಳಿದ ನಾಲ್ಕರಲ್ಲೂ ಮೀನಿನದೇ ಪ್ರಶ್ನೆ.